ನಾದಬೇಡಿ, ಕೂಡಿಸಿ: ಬೆಣ್ಣೆ ಬಿಸ್ಕತ್ತಿನ ಕಸುಬು

ಬೆಂಗಳೂರಿನ ಹಳೆಯ ಬಡಾವಣೆಗಳ ಅಯ್ಯಂಗಾರ್ ಬೇಕರಿಗಳಲ್ಲಿ ಸಂಜೆಯ ನೂಕುನುಗ್ಗಲು ಖಾರಾ ಬನ್ನು, ದಿಲ್‌ಪಸಂದ್, ಪಫ್‌ಗಳ ಮುಂದೆ. ಬೆಣ್ಣೆ ಬಿಸ್ಕತ್ತಿನ ಗಿರಾಕಿಗಳು ಬೇರೆ. ಅವರು ಅತ್ತಿತ್ತ ನೋಡದೆ ‘ಕಾಲು ಕೆ.ಜಿ. ಬೆಣ್ಣೆ ಬಿಸ್ಕತ್ತು’ ಎಂದು ಹೇಳಿ ತೂಗಿಸಿಕೊಂಡು ಹೊರಡುವವರು. ಕೆನೆ ಬಣ್ಣದ, ಗುಂಡಗಿನ, ಮೇಲೆ ಸಣ್ಣ ಬಿರುಕು ಬಿಟ್ಟ ಈ ಬಿಸ್ಕತ್ತಿನಲ್ಲಿ ನೋಡುವುದಕ್ಕೆ ವಿಶೇಷವೇನಿಲ್ಲ. ಮನೆ ತಲುಪುವ ಹೊತ್ತಿಗೆ ಕಾಗದದ ಪೊಟ್ಟಣಕ್ಕೆ ಹತ್ತಿರುವ ಜಿಡ್ಡೇ ಅದರ ಜಾಹೀರಾತು.

ಈ ಬೇಕರಿಗಳ ಬೇರು ಹಾಸನ ಜಿಲ್ಲೆಯಲ್ಲಿದೆ. ಹುಳಿಕಲ್ಲಿನ ಎಚ್.ಎಸ್. ತಿರುಮಲಾಚಾರ್ ಅವರು ಸೋದರರೊಂದಿಗೆ ಬೆಂಗಳೂರಿಗೆ ಬಂದು ಚಿಕ್ಕಪೇಟೆಯಲ್ಲಿ ಸಿಹಿತಿಂಡಿ ಅಂಗಡಿ ಇಟ್ಟರು. ಅಲ್ಲಿಗೆ ಬರುತ್ತಿದ್ದ ಆಂಗ್ಲ ಗಿರಾಕಿಯೊಬ್ಬ ಅವರಿಗೆ ಬ್ರೆಡ್ ಮಾಡುವುದನ್ನು ಕಲಿಸಿದ ಎಂಬ ಮಾತಿದೆ. 1898ರ ಸುಮಾರಿಗೆ ಈ ಸೋದರರು ಶುರು ಮಾಡಿದ ಬ್ಯಾಂಗಲೋರ್ ಬ್ರದರ್ಸ್ ಬೇಕರಿ ಜನರ ಬಾಯಲ್ಲಿ ಬಿ.ಬಿ. ಬೇಕರಿಯಾಯಿತು. ಮುಂದೆ ಹಾಸನದ ಸೀಮೆಯಿಂದ ಇನ್ನಷ್ಟು ಕುಟುಂಬಗಳು ಇದೇ ಕಸುಬು ಹಿಡಿದವು. ಸಜ್ಜನ್ ರಾವ್ ವೃತ್ತದ ಬಳಿಯ ವಿ.ಬಿ. ಬೇಕರಿ 1950ರ ದಶಕದಿಂದ ನಡೆಯುತ್ತಿದೆ. ಇವತ್ತು ‘ಅಯ್ಯಂಗಾರ್ ಬೇಕರಿ’ ಫಲಕವಿಲ್ಲದ ಪೇಟೆ ಕರ್ನಾಟಕದಲ್ಲಿ ಅಪರೂಪ.

ಬೆಣ್ಣೆ ಬಿಸ್ಕತ್ತಿಗೆ ದೇಶವಿದೇಶಗಳಲ್ಲಿ ನೆಂಟರಿದ್ದಾರೆ. ಸೂರತ್ತಿನ ನಾನ್‌ಖಟಾಯ್ ಅದರ ಹತ್ತಿರದ ಬಂಧು. ಸ್ಕಾಟ್ಲೆಂಡಿನ ಶಾರ್ಟ್‌ಬ್ರೆಡ್ ಇನ್ನೊಂದು. ಶಾರ್ಟ್‌ಬ್ರೆಡ್ಡಿನ ಹಳೆಯ ಲೆಕ್ಕ ಸರಳ: ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಹಿಟ್ಟು. ಮೊಟ್ಟೆ ಬೇಡ, ಯೀಸ್ಟ್ ಬೇಡ, ನೀರೂ ಬೇಡ. ಸಸ್ಯಾಹಾರಿ ಅಡುಗೆಮನೆಗೆ ಇದಕ್ಕಿಂತ ಒಗ್ಗುವ ಬಿಸ್ಕತ್ತು ಸಿಗುವುದು ಕಷ್ಟ.

ಇದರ ಒಳಗುಟ್ಟು ನಮ್ಮ ಅಡುಗೆಯವರಿಗೆ ಹೊಸದೇನಲ್ಲ. ಶಂಕರಪೋಳಿಗೋ ನಿಪ್ಪಟ್ಟಿಗೋ ಹಿಟ್ಟು ಕಲಸುವವರು ಮೊದಲು ಬಿಸಿ ತುಪ್ಪವನ್ನೋ ಎಣ್ಣೆಯನ್ನೋ ಹಾಕಿ ಉಜ್ಜುತ್ತಾರೆ. ಆಮೇಲೆ ಒಂದು ಹಿಡಿ ಹಿಟ್ಟನ್ನು ಮುಷ್ಟಿಯಲ್ಲಿ ಅದುಮಿ ನೋಡುತ್ತಾರೆ. ಉಂಡೆ ನಿಂತರೆ ಜಿಡ್ಡು ಸಾಕು, ಉದುರಿದರೆ ಇನ್ನಷ್ಟು ಬೇಕು. ಮೈದಾದ ಪ್ರೋಟೀನಿಗೆ ನೀರು ಸೋಕಿ, ಮೇಲೆ ನಾದುವ ಕೈಯೂ ಸೇರಿದರೆ ಗ್ಲೂಟೆನ್ ಎಂಬ ಅಂಟು ಜಾಲ ಕಟ್ಟಿಕೊಳ್ಳುತ್ತದೆ. ಚಪಾತಿಗೆ, ಬ್ರೆಡ್ಡಿಗೆ ಅದು ಬೇಕು. ಬಿಸ್ಕತ್ತಿಗೆ ಅದೇ ಶತ್ರು. ಹಿಟ್ಟಿನ ಕಣಗಳಿಗೆ ಬೆಣ್ಣೆ ಸವರಿಕೊಂಡರೆ ನೀರು ಒಳಗಿಳಿಯುವುದಿಲ್ಲ, ಜಾಲ ಗಟ್ಟಿಯಾಗುವುದಿಲ್ಲ. ಬಾಯಿಗಿಟ್ಟ ತುಂಡು ಹಲ್ಲಿಗೆ ಕಾಯದೆ ಪುಡಿಯಾಗುವುದು ಅದಕ್ಕೇ. ಬೆಣ್ಣೆ ಬಿಸ್ಕತ್ತು ಮಾಡುವವರು ಕಲಿಯಬೇಕಾದದ್ದು ಕೈ ಹಿಡಿತವನ್ನು: ಎಲ್ಲಿಯವರೆಗೆ ಕಲಸಬೇಕು, ಎಲ್ಲಿ ನಿಲ್ಲಿಸಬೇಕು.

ಮನೆಯಲ್ಲಿ ಮಾಡಲು 250 ಗ್ರಾಂ ಮೈದಾ, 150 ಗ್ರಾಂ ಉಪ್ಪಿಲ್ಲದ ಬೆಣ್ಣೆ, 100 ಗ್ರಾಂ ಪುಡಿ ಸಕ್ಕರೆ, ಎರಡು ಚಿಟಿಕೆ ಉಪ್ಪು ಸಾಕು. ಬೇಕಿದ್ದರೆ ಏಲಕ್ಕಿ ಪುಡಿ. ತುಸು ಕರುಕುರು ಇಷ್ಟವಾದರೆ ಎರಡು ಚಮಚ ಮೈದಾ ತೆಗೆದು ಅಷ್ಟೇ ಅಕ್ಕಿ ಹಿಟ್ಟನ್ನೋ ಚಿರೋಟಿ ರವೆಯನ್ನೋ ಸೇರಿಸಿ. ಲೋಟದ ಅಳತೆಯನ್ನು ನಂಬಬೇಡಿ, ತೂಕ ಮಾಡಿ. ಇಷ್ಟು ಕಡಿಮೆ ಸಾಮಾನಿರುವಲ್ಲಿ ಒಂದು ಹೆಚ್ಚುಕಡಿಮೆಯಾದರೂ ಮುಚ್ಚಿಡಲು ಜಾಗವಿಲ್ಲ.

ಬೆಣ್ಣೆಯನ್ನು ಫ್ರಿಜ್ಜಿನಿಂದ ತೆಗೆದು ಬೆರಳು ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಾಗಲು ಬಿಡಿ. ಕರಗಿಸಬಾರದು. ಸಕ್ಕರೆ ಹಾಕಿ ಮರದ ಸೌಟಿನಿಂದ ತಿಕ್ಕುತ್ತಾ ಹೋದಂತೆ ಹಳದಿ ಬೆಣ್ಣೆ ಬಿಳುಚುತ್ತದೆ, ಉಬ್ಬಿ ಹಗುರಾಗುತ್ತದೆ. ಒಳಗೆ ಗಾಳಿ ಸೇರಿದ್ದರ ಗುರುತದು. ಈಗ ಜರಡಿ ಹಿಡಿದ ಮೈದಾ ಮತ್ತು ಉಪ್ಪು ಹಾಕಿ ಬೆರಳ ತುದಿಯಲ್ಲಿ ಕೂಡಿಸಿ. ಮೊದಲು ರವೆಯಂತೆ ಉದುರುದುರಾಗಿರುತ್ತದೆ. ಕೈ ಚೆಲ್ಲಬೇಡಿ, ನೀರು ಚಿಮುಕಿಸಲೂಬೇಡಿ. ಅಂಗೈಯ ಕಾವಿಗೆ ಅದೇ ಒಂದಾಗುತ್ತದೆ. ಒಂದಾದ ಕೂಡಲೇ ಕೈ ತೆಗೆಯಿರಿ. ಹಿಟ್ಟನ್ನು ಉರುಳೆಯಾಗಿ ಮಾಡಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಅರ್ಧ ಇಂಚು ದಪ್ಪಕ್ಕೆ ಬಿಲ್ಲೆ ಕತ್ತರಿಸಿ.

ಓವನ್ನನ್ನು ಮೊದಲೇ 160 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿಟ್ಟು, ಬಿಲ್ಲೆಗಳ ನಡುವೆ ಜಾಗ ಬಿಟ್ಟು ಸುಮಾರು 20 ನಿಮಿಷ ಬೇಯಿಸಿ. ಓವನ್ ಇಲ್ಲದವರು ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಸಣ್ಣ ಉರಿಯಲ್ಲಿ ಬೇಯಿಸಬಹುದು. ಅಂಚು ಮಾತ್ರ ಹೊಂಬಣ್ಣಕ್ಕೆ ತಿರುಗಿ ನಡುಭಾಗ ಬೆಳ್ಳಗಿರುವಾಗಲೇ ತೆಗೆಯಬೇಕು. ಆಗ ಮುಟ್ಟಿದರೆ ಮೆತ್ತಗಿರುತ್ತದೆ. ಬೆಂದಿಲ್ಲವೆಂದು ಮತ್ತೆ ಒಳಗಿಡುವವರೇ ಹೆಚ್ಚು. ಆರಿದ ಮೇಲೆ ಗಟ್ಟಿಯಾಗುವುದು ಅದರ ಗುಣ. ಪೂರ್ತಿ ಆರುವ ಮುನ್ನ ಡಬ್ಬಿಗೆ ಹಾಕಿದರೆ ಮಾತ್ರ ಒಳಗೆ ಬೆವರಿ ಮೆತ್ತಗಾಗುತ್ತದೆ.

ಬಿಸ್ಕತ್ತು ತಟ್ಟೆಯಲ್ಲಿ ಹರಡಿಕೊಂಡರೆ ತಪ್ಪು ಬೆಣ್ಣೆಯ ಕಾವಿನದು. ಬೆಣ್ಣೆ ಸುಮಾರು 35 ಡಿಗ್ರಿಯೊಳಗೇ ಕರಗುತ್ತದೆ. ಬೇಸಿಗೆಯ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಹಿಟ್ಟನ್ನು ತಣ್ಣಗಿಡದೆ ಓವನ್ನಿಗೆ ಇಟ್ಟರೆ ಆಕಾರ ನಿಲ್ಲದು. ಬಿಸ್ಕತ್ತು ಕಲ್ಲಾದರೆ ತಪ್ಪು ನಾದಿದ ಕೈಯದು. ಮಜ್ಜಿಗೆ ಕಡೆದು ತೆಗೆದ ಮನೆಯ ಬೆಣ್ಣೆಯ ರುಚಿಗೆ ಸಾಟಿಯಿಲ್ಲ, ಆದರೆ ಅದರಲ್ಲಿ ನೀರಿನಂಶ ಹೆಚ್ಚಿರುತ್ತದೆ. ತಣ್ಣೀರಿನಲ್ಲಿ ತೊಳೆದು, ಚೆನ್ನಾಗಿ ಹಿಂಡಿ ನೀರು ತೆಗೆದು ಬಳಸಬೇಕು. ಅಂಗಡಿಯ ಬೆಣ್ಣೆಯಲ್ಲಿ ಕನಿಷ್ಠ ಶೇ. 80ರಷ್ಟು ಹಾಲಿನ ಕೊಬ್ಬು ಇರಬೇಕೆಂಬ ನಿಯಮವಿರುವುದರಿಂದ ಲೆಕ್ಕ ತಪ್ಪುವುದಿಲ್ಲ.

ಹೆಸರಿನಲ್ಲಿ ಬೆಣ್ಣೆಯಿದ್ದ ಮಾತ್ರಕ್ಕೆ ಒಳಗೂ ಬೆಣ್ಣೆಯೇ ಇರಬೇಕೆಂದಿಲ್ಲ. 1937ರಲ್ಲಿ ಡಾಲ್ಡಾ ಬಂದ ಮೇಲೆ ವನಸ್ಪತಿ ದೇಶದ ತಿಂಡಿ ಅಂಗಡಿಗಳನ್ನೆಲ್ಲ ಹೊಕ್ಕಿತು. ಬೆಲೆ ಕಡಿಮೆ, ಬಿಸಿಲಿಗೂ ಗಟ್ಟಿ, ಬಾಳಿಕೆಯೂ ಜಾಸ್ತಿ. ಅದರಲ್ಲಿದ್ದ ಟ್ರಾನ್ಸ್ ಫ್ಯಾಟ್ ಹೃದಯಕ್ಕೆ ಕೆಡುಕೆಂಬುದು ಖಚಿತವಾದ ಮೇಲೆ 2022ರ ಜನವರಿಯಿಂದ ಆಹಾರ ಸುರಕ್ಷತಾ ಪ್ರಾಧಿಕಾರ ಅದಕ್ಕೆ ಶೇ. 2ರ ಮಿತಿ ಹಾಕಿದೆ. ಬೆಣ್ಣೆಯೂ ಕೊಬ್ಬೇ, ಹೊಟ್ಟೆ ತುಂಬ ತಿನ್ನುವ ಪದಾರ್ಥವಲ್ಲ. ಆದರೆ ಮನೆಯಲ್ಲಿ ಮಾಡಿದಾಗ ಒಳಗೇನಿದೆ ಎಂದು ಯಾರನ್ನೂ ಕೇಳಬೇಕಿಲ್ಲ.

ಮೊದಲ ಸಲ ಮಾಡುವವರಿಗೆ ಒಂದು ಮಾತು. ಒಂದೊಂದು ಓವನ್ನಿನ ಕಾವೂ ಒಂದೊಂದು ರೀತಿ. ಎಲ್ಲ ಬಿಲ್ಲೆಗಳನ್ನೂ ಒಮ್ಮೆಗೇ ಒಳಗಿಡದೆ ನಾಲ್ಕನ್ನು ಬೇಯಿಸಿ ನೋಡಿ. ಅವು ಆರಿದ ಮೇಲೆ ಮುರಿದು, ತಿಂದು, ಉಳಿದವುಗಳ ಉರಿ ಮತ್ತು ಹೊತ್ತು ತೀರ್ಮಾನಿಸಿ. ಉರುಳೆಯ ಹಿಟ್ಟು ಫ್ರಿಜ್ಜಿನಲ್ಲಿ ಎರಡು ದಿನ ಕೆಡದೆ ಕಾಯುತ್ತದೆ, ಅವಸರವೇನಿಲ್ಲ.