ಜಾಡಿಯೂ ತಕ್ಕಡಿಯೂ

ಶುಂಠಿ, ಹಿಪ್ಪಲಿ, ಬಜೆಗಳನ್ನು ಡಬ್ಬಗಳಲ್ಲಿ ತುಂಬಿಟ್ಟ ಗ್ರಂಧಿಗೆ ಅಂಗಡಿಯನ್ನು ನಾವೆಲ್ಲರೂ ಬಲ್ಲೆವು. ಇಂಥ ಔಷಧ ಸಾಮಗ್ರಿಗಳಿಗಾಗಿಯೇ, ಬಾಸೆಲ್ ಮಿಶನ್ನಿನ ಮೂಲಕ ನಮಗೆ ಪರಿಚಿತವಾದ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಒಂದು ವಸ್ತುಸಂಗ್ರಹಾಲಯವಿದೆ. 1925ರಲ್ಲಿ ಅದನ್ನು ಸ್ಥಾಪಿಸಿದವರು ಯೋಸೆಫ್ ಹೆಫ್ಲಿಗರ್. ಅದಿರುವ ಪುರಾತನ ಮನೆಯಲ್ಲಿ ಒಮ್ಮೆ ಫ್ರೋಬೆನ್ ಎಂಬ ಮುದ್ರಕನಿದ್ದನು. 1527ರ ಸುಮಾರಿಗೆ ಅವನಿಗೆ ಚಿಕಿತ್ಸೆ ಮಾಡಿದವನು ಪ್ರಸಿದ್ಧ ವೈದ್ಯ ಪ್ಯಾರಾಸೆಲ್ಸಸ್.

ಅಲ್ಲಿನ ಜಾಡಿಗಳ ಮೆರುಗು ಕೇವಲ ಅಂದಕ್ಕಾಗಿ ಅಲ್ಲ. ಗಾಜಿನಂಥ ಆ ಪದರವು ಸುಟ್ಟ ಮಣ್ಣಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿ ತೇವವನ್ನು ತಡೆಯುತ್ತದೆ. ಆದರೆ ಜಾಡಿಯು ಮದ್ದನ್ನು ಕಾಯಬಲ್ಲುದೇ ಹೊರತು ಎಷ್ಟು ಕೊಡಬೇಕೆಂದು ಹೇಳಲಾರದು. ಮದ್ದು ವಿಷವಾಗುವುದೂ ಆಗದಿರುವುದೂ ಪ್ರಮಾಣದಿಂದ ಎಂದು ಪ್ಯಾರಾಸೆಲ್ಸಸನು ವಾದಿಸಿದ್ದನು. ಡಿಜಿಟಾಲಿಸ್ ಗಿಡದ ಎಲೆಯನ್ನೇ ನೋಡೋಣ. ತಕ್ಕ ಪ್ರಮಾಣದಲ್ಲಿ ಅದು ದುರ್ಬಲ ಹೃದಯಕ್ಕೆ ಬಲವೀಯುತ್ತದೆ. ತುಸು ಮೀರಿದರೆ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಎಲ್ಲ ಎಲೆಗಳಲ್ಲಿಯೂ ಸತ್ತ್ವವು ಒಂದೇ ಸಮನಾಗಿರುವುದಿಲ್ಲವಾದುದರಿಂದ ಎಲೆಯನ್ನು ತೂಗಿದರೆ ಸಾಲದು, ಸತ್ತ್ವವನ್ನೇ ಅಳೆಯಬೇಕು. 1930ರಲ್ಲಿ ಅದೇ ಕುಲದ ಮತ್ತೊಂದು ಗಿಡದಿಂದ ಡಿಗಾಕ್ಸಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದ ಮೇಲೆ ಇದು ಸುಲಭವಾಯಿತು.

ಬಾಸೆಲ್ಲೇ ಆಗಲಿ, ನಮ್ಮ ಬಾಗೂರೇ ಆಗಲಿ, ಗಿಡಮೂಲಿಕೆಯೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ನಂಬಿ ಅಳತೆಯಿಲ್ಲದೆ ಸೇವಿಸುವುದು ಸಲ್ಲದು.