ಸಿಂಗಳೀಕಕ್ಕೆ ಕೊಂಬೆಯೇ ದಾರಿ



ಮಂಗವೆಂದರೆ ತೋಟದ ಶತ್ರುವೆಂದು ನೀವು ಭಾವಿಸುವುದು ಸಹಜ. ಆದರೆ ಎಲ್ಲ ಮಂಗಗಳೂ ಒಂದೇ ಅಲ್ಲ. ಸಿರ್ಸಿ, ಸಿದ್ದಾಪುರ, ಹೊನ್ನಾವರಗಳ ಘಟ್ಟದ ಕಾಡಿನಲ್ಲಿರುವ ಸಿಂಗಳೀಕವನ್ನು ಬೇರೆಯಾಗಿಯೇ ಗುರುತಿಸಬೇಕು. ಇದರ ಮೈ ಕಪ್ಪು. ಮುಖದ ಸುತ್ತ ಬೂದು ಬಣ್ಣದ ಕೇಸರ. ಬಾಲದ ತುದಿಯಲ್ಲಿ ಸಿಂಹದ ಬಾಲಕ್ಕಿರುವಂಥ ಕುಚ್ಚು. ದೊಡ್ಡ ಗಂಡು ಕೂಡ ಹತ್ತು ಕಿಲೋಗ್ರಾಂ ಮೀರುವುದು ಅಪರೂಪ. ಕರ್ನಾಟಕ, ಕೇರಳ, ತಮಿಳುನಾಡುಗಳ ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲಿಯೂ ಇದಿಲ್ಲ. ಅಲ್ಲಿಯೂ ಉಳಿದಿರುವುದು ಕೆಲವೇ ಸಾವಿರ. ತೋಟವನ್ನು ಹೆಚ್ಚಾಗಿ ಹಾಳುಮಾಡುವುದು ಸಾಮಾನ್ಯ ಮಂಗ ಮತ್ತು ಮುಸಿಯ. ದಟ್ಟ ಕಾಡನ್ನು ಬಿಟ್ಟು ಸಿಂಗಳೀಕ ಹೊರಬರುವುದು ಕಡಿಮೆ.

ಇದು ಮರದ ಮೇಲೆಯೇ ಉಂಡು, ಮರದ ಮೇಲೆಯೇ ಮಲಗುವ ಪ್ರಾಣಿ. ಹತ್ತಿಪ್ಪತ್ತರ ಗುಂಪು ಕೊಂಬೆಯಿಂದ ಕೊಂಬೆಗೆ ದಾಟುತ್ತ ಹಣ್ಣು, ಬೀಜ, ಹುಳುಗಳನ್ನು ಹುಡುಕುತ್ತದೆ. ಹಣ್ಣನ್ನು ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಮುಂದೆ ಹೋಗಿ ತಿನ್ನುವುದರಿಂದ ಬೀಜವೂ ದೂರ ಹೋಗಿ ಬೀಳುತ್ತದೆ. ನಡುವೆ ಮರ ಕಡಿದು ಬಯಲಾದರೆ ಇದು ನೆಲಕ್ಕಿಳಿಯಬೇಕಾಗುತ್ತದೆ. ಆಗ ನಾಯಿಗೋ ವಾಹನಕ್ಕೋ ಬಲಿಯಾಗುತ್ತದೆ. ತಮಿಳುನಾಡಿನ ವಾಲ್ಪಾರೈ ಬಳಿ ಇವು ದಾಟಲೆಂದೇ ರಸ್ತೆಯ ಮೇಲೆ ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಬೇಕಾಯಿತು.

ಇದರ ಸಂತತಿ ಬೆಳೆಯುವುದು ಬಹು ನಿಧಾನ. ಹೆಣ್ಣು ಮೊದಲ ಮರಿ ಹಾಕುವ ಹೊತ್ತಿಗೆ ಅದಕ್ಕೆ ಸುಮಾರು ಆರು ವರ್ಷ. ಒಂದು ಸಲಕ್ಕೆ ಒಂದೇ ಮರಿ. ಮುಂದಿನ ಮರಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಬೇಕು. ಆದುದರಿಂದ ಒಂದು ಹೆಣ್ಣು ಸತ್ತರೂ ಗುಂಪಿಗೆ ದೊಡ್ಡ ನಷ್ಟ.

ಇನ್ನು ಉಪ್ಪಗೆಯ ಮಾತು. ಮಳೆಗಾಲದಲ್ಲಿ ಅದು ನಿಮ್ಮ ಕೈಗೆ ನಾಲ್ಕು ಕಾಸು ತರುತ್ತದೆ. ಸಿಂಗಳೀಕಕ್ಕೂ ಅದೇ ಆಹಾರ. ಪೈಪೋಟಿ ಹೆಚ್ಚಿದಂತೆ ಎಳೆಗಾಯಿ ಕೊಯ್ಯುವುದು, ಕೊಂಬೆಯನ್ನೇ ಕಡಿಯುವುದು ರೂಢಿಗೆ ಬಂತು. ಕಡಿದ ಕೊಂಬೆ ಮುಂದಿನ ವರ್ಷ ನಿಮಗೂ ಫಲ ಕೊಡದು, ಅದಕ್ಕೂ ಕೊಡದು.

ಅಘನಾಶಿನಿ ಕಣಿವೆಯ ಕಾಡನ್ನು 2011ರಲ್ಲಿ ಸಿಂಗಳೀಕಕ್ಕಾಗಿ ಸಂರಕ್ಷಣಾ ಮೀಸಲೆಂದು ಸಾರಲಾಯಿತು. 2019ರಲ್ಲಿ ಅದನ್ನೂ ಕೂಡಿಸಿ ಸುಮಾರು 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವಾಯಿತು. ಆದರೆ ಕಾಡಿನ ಅಂಚಿನಲ್ಲಿರುವವರು ನೀವು. ಆದ್ದರಿಂದ ಇಷ್ಟು ಮಾಡಿರಿ:

1. ಅಪ್ಪಣೆಯಿರುವ ಕಡೆ ಮಾತ್ರ, ಹಣ್ಣಾಗಿ ಉದುರಿದ ಉಪ್ಪಗೆಯನ್ನು ಆರಿಸಿರಿ. ಮರದಲ್ಲಿ ಒಂದು ಪಾಲು ಬಿಡಿರಿ.

2. ಬೆಟ್ಟದಲ್ಲಿ ಸೊಪ್ಪು ಕಡಿಯುವಾಗ ತುದಿಯ ಕೊಂಬೆಗಳು ಒಂದಕ್ಕೊಂದು ತಾಗುವಂತೆ ಉಳಿಸಿರಿ.

3. ರಸ್ತೆ ಬದಿಯಲ್ಲಿ ತಿಂಡಿ ಎಸೆಯಬೇಡಿರಿ. ತಿಂಡಿಯ ಆಸೆಗೆ ಅದು ನೆಲಕ್ಕಿಳಿಯುತ್ತದೆ.

4. ಬೇಟೆಗೆ ಎಡೆಗೊಡಬೇಡಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ.

ಕೊಂಬೆ ಉಳಿದರೆ ಉಪ್ಪಗೆಯೂ ಉಳಿದೀತು, ಸಿಂಗಳೀಕವೂ ಉಳಿದೀತು.