ತಪ್ಪಾದ್ರೂ ಪರವಾಗಿಲ್ಲ, ಬರೀರಿ ಅಕ್ಕಾ!

ಭಾನುವಾರ ಬೆಳಗ್ಗೆ ಹತ್ತು ಗಂಟೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಡುಗೆ ಕೆಲಸ ಮಾಡುವ ಅಕ್ಕ ನಮ್ಮ ಮನೆಯಲ್ಲಿ ನೋಟ್‌ಬುಕ್ ತೆರೆದು ಕೂತಿದ್ದರು. ವಯಸ್ಸು ಐವತ್ತರ ಹತ್ತಿರ. ಆರು ತಿಂಗಳಲ್ಲಿ ಕಾಗುಣಿತ ಕಲಿತು, ಒತ್ತಕ್ಷರಕ್ಕೆ ಬಂದಿದ್ದರು. ಬಸ್ ಬೋರ್ಡ್ ಓದುತ್ತಿದ್ದರು, ಬ್ಯಾಂಕಿನಲ್ಲಿ ಸಹಿ ಹಾಕುತ್ತಿದ್ದರು. ‘ಇವತ್ತು ನಿಮ್ಮ ಅವ್ವನ ಬಗ್ಗೆ ಏನಾದ್ರೂ ಬರೀರಿ’ ಅಂದೆ.

ಅರ್ಧ ಗಂಟೆ ಕಷ್ಟಪಟ್ಟು ಒಂದು ಸಾಲು ಬರೆದರು: ‘ಅವ್ವ ಅವರೆಕಾಯಿ ಒತ್ಕೊಂಡು ಸಂತೆಗೆ ಓದ್ಲು.’

ನಾನೇನು ಮಾಡಿದೆ ಗೊತ್ತಾ? ಆಫೀಸಿನಲ್ಲಿ ರಿಪೋರ್ಟ್ ತಿದ್ದುವ ಅಭ್ಯಾಸ ನೋಡಿ! ಕೆಂಪು ಪೆನ್ನಿನಿಂದ ಹೊಡೆದುಹಾಕಿ ‘ಹೊತ್ತುಕೊಂಡು’, ‘ಹೋದಳು’ ಅಂತ ಬರೆದೆ. ಸಾಲದ್ದಕ್ಕೆ ‘ಸಂತೆಗೆ ಹೋಗಿ ಓದ್ತಾರಾ ಅಕ್ಕಾ?’ ಅಂತ ನಕ್ಕೆ. ಅವರೂ ನಕ್ಕರು. ಮುಂದಿನ ಎರಡು ಭಾನುವಾರ ಬರಲೇ ಇಲ್ಲ.

ಲಿಫ್ಟ್ ಹತ್ತಿರ ಸಿಕ್ಕಾಗ ಕೇಳಿದೆ. ‘ಸಹಿ ಹಾಕಕ್ಕೆ ಬಂತಲ್ಲ ಮೇಡಂ, ಸಾಕು ಬುಡಿ. ನಮ್ಮವ್ವನ್ ವಿಸ್ಯಾನೇ ತಪ್ ಬರ್ದ್ರೆ ಏನ್ ಚಂದ?’ ಅಂದರು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಎರಡು ಕಾಗುಣಿತ ತಪ್ಪು ಹಿಡಿದಿದ್ದೆ. ಅವರ ಅವ್ವನ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ.

ಅವರದೇ ಮಾತು, ಅವರದೇ ಪಾಠ

ದೊಡ್ಡವರಿಗೆ ಬೇರೆಯವರು ಹೇಗೆ ಕಲಿಸಿದ್ದಾರೆ ಅಂತ ಹುಡುಕಿದೆ. 1963ರಲ್ಲಿ ಬ್ರೆಜಿಲ್‌ನ ಆಂಜಿಕೋಸ್ ಎಂಬ ಊರಿನಲ್ಲಿ ಪಾವ್ಲೊ ಫ್ರೇರೆ ಸುಮಾರು 300 ದುಡಿಯುವ ಜನರಿಗೆ ಅಕ್ಷರ ಕಲಿಸಲು ಹೊರಟಾಗ, ಪಾಠ ಶುರುವಾದದ್ದು ಅವರ ಬದುಕಿನ ಮಾತುಗಳಿಂದ. ಕಲಿಯುವವರು ದಿನಾ ಆಡುವ ಪದಗಳನ್ನೇ ಆರಿಸಿ, ಅದರ ಬಗ್ಗೆ ಮೊದಲು ಮಾತಾಡಿಸಿ, ಆಮೇಲೆ ಅಕ್ಷರ ಬಿಡಿಸುವುದು ಅವರ ಕ್ರಮ.

ನಮ್ಮ ದೇಶದಲ್ಲೇ ಬೇಬಿ ಹಾಲ್ದಾರ್ ಇದ್ದಾರೆ. ಚಿಕ್ಕ ವಯಸ್ಸಿಗೇ ಮದುವೆಯಾಗಿ, ಶಾಲೆ ಬಿಟ್ಟು, ಮಕ್ಕಳ ಜೊತೆ ಗಂಡನ ಮನೆಯಿಂದ ಹೊರಬಂದು ಮನೆಗೆಲಸ ಮಾಡುತ್ತಿದ್ದವರು. ಗುರುಗ್ರಾಮದಲ್ಲಿ ಅವರು ಕೆಲಸಕ್ಕಿದ್ದ ಮನೆಯ ನಿವೃತ್ತ ಪ್ರೊಫೆಸರ್ ಪ್ರಬೋಧ್ ಕುಮಾರ್, ನೋಟ್‌ಬುಕ್ಕು ಪೆನ್ನು ಕೊಟ್ಟು ‘ನಿನ್ನ ಬದುಕನ್ನೇ ಬರಿ’ ಅಂದರು. ಅವರು ಬಂಗಾಳಿಯಲ್ಲಿ ಬರೆದದ್ದು ಹಿಂದಿಗೆ ಅನುವಾದವಾಗಿ 2002ರಲ್ಲಿ ‘ಆಲೋ ಆಂಧಾರಿ’ ಎಂಬ ಪುಸ್ತಕವಾಯಿತು.

ನಾನು ಬದಲಾಯಿಸಿದ್ದು ಇಷ್ಟೇ

* ಮೊದಲು ಅಕ್ಕ ಹೇಳುತ್ತಾರೆ, ನಾನು ಬರೆಯುತ್ತೇನೆ. ‘ಹೋದ್ಲು’ ಅಂದರೆ ‘ಹೋದ್ಲು’ ಅಂತಲೇ. ಆಮೇಲೆ ಅವರು ಓದುತ್ತಾರೆ. ತಮ್ಮದೇ ಮಾತಾದ್ದರಿಂದ ಮುಂದಿನ ಪದ ಏನೆಂದು ಗೊತ್ತಿರುತ್ತದೆ, ಎಡವುವುದು ಕಡಿಮೆ.
* ‘ಪ್ರಬಂಧ ಬರೀರಿ’ ಅನ್ನುವುದಿಲ್ಲ. ‘ಸಂತೆಗೆ ಎಷ್ಟು ದೂರ? ಅವ್ವ ಬರುವಾಗ ಏನು ತರ್ತಿದ್ರು?’ ಅಂತ ಕೇಳುತ್ತೇನೆ.
* ಅವರು ಬರೆದ ಮೇಲೆ ಮೊದಲ ಮಾತು ಕಥೆಯ ಬಗ್ಗೆ, ಕಾಗುಣಿತದ ಬಗ್ಗೆ ಅಲ್ಲ.
* ಒಂದು ಸಲಕ್ಕೆ ಒಂದೇ ತಿದ್ದುಪಡಿ. ಅದೂ ಪೆನ್ಸಿಲ್‌ನಲ್ಲಿ, ಪಕ್ಕದ ಹಾಳೆಯಲ್ಲಿ.

‘ಹಾಗಾದ್ರೆ ತಪ್ಪು ತಪ್ಪಾಗೇ ಉಳಿಯಲ್ವಾ?’ ಅಂತ ನನ್ನ ಗೆಳತಿ ಕೇಳಿದಳು. ನನಗೂ ಅದೇ ಭಯವಿತ್ತು. ಆದರೆ ಮೂರನೇ ವಾರ ಅಕ್ಕನೇ ಕೇಳಿದರು: ‘ಬುಕ್ಕಲ್ಲಿ ಇದ್ನ ಹೆಂಗ್ ಬರೀತಾರೆ ಮೇಡಂ?’ ‘ಅ’ ಮತ್ತು ‘ಹ’ದ ವ್ಯತ್ಯಾಸ ಅವತ್ತು ಹತ್ತೇ ನಿಮಿಷದಲ್ಲಿ ತಲೆಗೆ ಹೋಯಿತು. ಬೇಕು ಅನ್ನಿಸಿದಾಗ ಕಲಿಯುವುದೇ ಬೇರೆ.

ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಹೀಗೆ ಕಲಿಯುತ್ತಿರುವವರು ಇರಬಹುದು. 15 ವರ್ಷ ಮೇಲ್ಪಟ್ಟವರಿಗಾಗಿ ಇರುವ ಕೇಂದ್ರ ಸರ್ಕಾರದ ‘ಉಲ್ಲಾಸ್’ ಕಾರ್ಯಕ್ರಮದಲ್ಲಿ ಸ್ವಯಂಸೇವಕರಾಗಿ ಕಲಿಸಲೂ ಅವಕಾಶವಿದೆ. ವಾರಕ್ಕೆ ಒಂದು ಗಂಟೆ ನಮ್ಮಿಂದ ಆಗದ್ದೇನಲ್ಲ.

ಕಳೆದ ತಿಂಗಳು ಅಕ್ಕನ ಬರಹ ಒಂದು ಪುಟ ದಾಟಿತು. ಮಾರಾಟವಾಗದೆ ಉಳಿದ ಅವರೆಕಾಯನ್ನೇ ಅವ್ವ ಬೇಯಿಸಿ ಮಕ್ಕಳಿಗೆಲ್ಲ ಬಡಿಸಿ, ‘ನಂಗೆ ಸಂತೇಲೇ ಊಟ ಆಯ್ತು’ ಅನ್ನುತ್ತಿದ್ದರಂತೆ. ಅದು ಸುಳ್ಳು ಅಂತ ತಾನು ತಾಯಿಯಾದ ಮೇಲೆ ಗೊತ್ತಾಯಿತು ಅಂತ ಅಕ್ಕ ಬರೆದಿದ್ದರು. ಆ ಪುಟದ ಫೋಟೋ ತೆಗೆದು ಮಗಳಿಗೆ ವಾಟ್ಸ್ಯಾಪ್ ಮಾಡಿಸಿಕೊಂಡರು.

ಐದು ನಿಮಿಷಕ್ಕೆ ಉತ್ತರ ಬಂತು. ನಾನು ಓದಲು ಹೋದೆ. ‘ತಡೀರಿ ಮೇಡಂ’ ಅಂತ ಫೋನ್ ಇಸ್ಕೊಂಡು, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ತಾವೇ ಓದಿದರು:

‘ಅಜ್ಜಿ ವಿಷಯ ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?’